ಬಿದಿರಗಡದವರು ಹೊಳೆಯಾಚೆಗೆ ಓಲೆ ಕಳಿಸಿದ್ದು

ಕಾಲು ಒಳಗಿಟ್ಕೊ ಕುಸುಮಿ, ಕಂಬಳಿ ಪೂರ್ತಿ ಹೊದ್ಕೊ. ಹೂಂ ಅಂತಿರಬೇಕು ಮತ್ತೆ. ನೀನು ಹೂಂ ಅನ್ನೋದು ನಿಲ್ಲಿಸಿದ್ರೆ ನಾನೂ ನಿಲ್ಲಿಸಿಬಿಡ್ತೀನಿ.

ಬಲು ಹಿಂದೆ, ನಮ್ಮಜ್ಜಿಯ ಅಜ್ಜಿಗೂ ಇನ್ನೂ ಹಲ್ಲು ಮೂಡದಿದ್ದ ಕಾಲದಲ್ಲಿ, ಬಿದಿರಗಡ ಅಂತ ಒಂದು ರಾಜ್ಯ ಇತ್ತಂತೆ. ರಾಜ್ಯ ಅಂದ್ರೆ ಏನು ಮಹಾ, ಒಂದು ಕೋಟೆ, ಕೋಟೆ ಸುತ್ತ ಹದಿನೆಂಟು ಹಳ್ಳಿ, ಅಷ್ಟೇ. ಪಡುವಲಿಗೆ ಒಂದು ಹೊಳೆ ಹರೀತಿತ್ತಂತೆ, ಆ ಹೊಳೆ ದಾಟಿದರೆ ನೇರಳೆನಾಡು, ಅದೂ ಇಷ್ಟೇ ಸಣ್ಣದು. ಮೂಡಲಿಗೆ ಮೂರು ದಿನ ನಡೆದರೆ ಏಳುಕೋಟೆ. ಅದು ದೊಡ್ಡ ರಾಜ್ಯ, ಅದರ ದಂಡು ಹೊರಟರೆ ಎದ್ದ ಧೂಳು ಇಳಿಯೋಕೆ ಒಂದು ಹಗಲು ಬೇಕಾಗ್ತಿತ್ತಂತೆ.

ಬಿದಿರಗಡದವರೂ ನೇರಳೆನಾಡಿನವರೂ ಮೊದಲು ಚೆನ್ನಾಗೇ ಇದ್ದರಂತೆ. ಹೆಣ್ಣು ಕೊಡೋರು, ಹೆಣ್ಣು ತರೋರು, ಬೆಳಗ್ಗೆ ಹರಿಗೋಲಲ್ಲಿ ಹೋಗಿ ಸಂಜೆಗೆ ವಾಪಸು ಬರೋರು. ಬಿದಿರಗಡದ ಅರಮನೆಯಲ್ಲಿ ಸಿದ್ದಮಲ್ಲ ಅಂತ ಒಬ್ಬ ಓಲೆಕಾರ ಇದ್ದನಂತೆ. ಒಬ್ಬ ಅರಸು ಬರೆದ ಓಲೆಯನ್ನ ಇನ್ನೊಬ್ಬ ಅರಸಿಗೆ ಒಯ್ದು ಕೊಡೋದು, ಅವರು ಹೇಳಿದ್ದು ಕೇಳ್ಕೊಂಡು ಬರೋದು, ಅದು ಅವನ ಕೆಲಸ. ಅವನ ಅಕ್ಕ ದೇವೀರಿಯನ್ನ ಹೊಳೆಯಾಚೆ ಅಂಬಿಗರ ಮನೆಗೆ ಕೊಟ್ಟಿದ್ದರಂತೆ. ಓಲೆ ಒಯ್ದಾಗಲೆಲ್ಲ ಅಕ್ಕನ ಮನೇಲಿ ಊಟ ಮುಗಿಸೇ ಬರ್ತಿದ್ದನಂತೆ.

ಆಮೇಲೆ ಒಂದು ವರ್ಷ ಹೊಳೆ ಬಂತಂತೆ. ಎಂಥ ಹೊಳೆ ಅಂದ್ರೆ, ಎಂಟು ದಿನ ಆಚೆ ದಡ ಕಾಣಲಿಲ್ಲವಂತೆ. ನೀರಿಳಿದ ಮೇಲೆ ನೋಡ್ತಾರೆ, ಹೊಳೆ ತನ್ನ ದಾರೀನೇ ಬಿಟ್ಟಿದೆ. ಈ ದಡಕ್ಕೆ ಅಂಟಿಕೊಂಡಿದ್ದ ಒಂದು ಹುಲ್ಲುಗಡ್ಡೆ ಈಗ ಆ ದಡಕ್ಕೆ ಸೇರಿಬಿಟ್ಟಿದೆ, ಅದರ ಮೇಲೆ ನೇರಳೆನಾಡಿನ ದನ ಮೇಯ್ತಾ ಇವೆ. ಬಿದಿರಗಡದ ಅರಸು ಭೈರನಾಯಕ ಕೋಟೆ ಮೇಲೆ ನಿಂತು ಅದನ್ನ ನೋಡಿದನಂತೆ. ಹೊಳೆ ತಾನಾಗೇ ತಿರುಗುತ್ತಾ, ಇವರೇ ಎಲ್ಲೋ ಮೇಲುಗಡೆ ಕಾಲುವೆ ತೋಡಿ ತಿರುಗಿಸಿದ್ದಾರೆ ಅಂದನಂತೆ. ನಮ್ಮ ನೆಲ ಬಿಡಿ ಅಂತ ಓಲೆ ಬರೆದು ಸಿದ್ದಮಲ್ಲನ ಕೈಲಿ ಕೊಟ್ಟನಂತೆ.

ಸಿದ್ದಮಲ್ಲ ಹೋದ, ಓಲೆ ಕೊಟ್ಟ. ಆಗ ನೇರಳೆನಾಡಿಗೆ ಕಲಿಯರಸ ಹೊಸದಾಗಿ ಪಟ್ಟಕ್ಕೆ ಬಂದಿದ್ದನಂತೆ, ಇನ್ನೂ ಮೀಸೆ ಸರಿಯಾಗಿ ಬಲಿತಿರದ ಹುಡುಗ. ಅವನು ಏನು ಬರೆದ ಅಂದ್ರೆ, ಇದು ಹೊಳೆ ಮಾಡಿದ ಕೆಲಸ, ನಾವಲ್ಲ, ನೀವು ದೊಡ್ಡವರು ಬನ್ನಿ, ಇಬ್ಬರೂ ಕೂತು ನೋಡೋಣ, ಅಲ್ಲಿವರೆಗೂ ಎರಡೂ ಕಡೆಯ ದನ ಮೇಯಲಿ ಅಂತ.

ಒಳ್ಳೇ ಮಾತೇ ಅಲ್ವಾ ಅಜ್ಜಿ?

ಒಳ್ಳೇ ಮಾತೇ ಮಗಳೇ. ಅದೇ ತೊಂದರೆಯಾಗಿದ್ದು. ಭೈರನಾಯಕ ಆ ಓಲೇನ ಮೂರು ಸಲ ಓದಿಸಿ ಕೇಳಿದನಂತೆ. ಬೈದು ಬರೆದಿದ್ರೆ ಅವನಿಗೆ ಅರ್ಥ ಆಗ್ತಿತ್ತು. ಇಷ್ಟು ಮೆತ್ತಗೆ ಯಾಕೆ ಬರೆದಿದ್ದಾನೆ, ಬನ್ನಿ ಬನ್ನಿ ಅಂತ ಕರೆದು ಅಲ್ಲೇ ಹಿಡಿದುಹಾಕೋ ಉಪಾಯ ಇರಬೇಕು ಅಂದುಕೊಂಡನಂತೆ. ಆಮೇಲೆ ಸಿದ್ದಮಲ್ಲನ ಮುಖ ನೋಡಿದನಂತೆ.

ಲೋ, ನಿಮ್ಮಕ್ಕ ಆಚೆ ದಡದಲ್ಲೇ ಅಲ್ವೇನೋ ಇರೋದು?

ಹೌದು ಬುದ್ಧಿ.

ಊಟ ಮಾಡ್ಕೊಂಡು ಬಂದೆಯಾ?

ಮಾಡ್ಕೊಂಡು ಬಂದೆ ಬುದ್ಧಿ.

ಅಷ್ಟೇ. ಅವತ್ತಿಂದ ಸಿದ್ದಮಲ್ಲನ ಮಾತಿಗೆ ಬೆಲೆ ಹೋಯ್ತಂತೆ. ಹೊಳೆ ದಡದಲ್ಲಿದ್ದ ಹರಿಗೋಲುಗಳನ್ನೆಲ್ಲ ರಾಶಿ ಹಾಕಿ ಸುಡಿಸಿದನಂತೆ ಭೈರನಾಯಕ. ಇನ್ನು ಮೇಲೆ ಆಚೆಯವರು ಇಲ್ಲಿಗೆ ಬರಬಾರದು, ಇಲ್ಲಿಯವರು ಅಲ್ಲಿಗೆ ಹೋಗಬಾರದು, ಯಾರ ಸ್ನೇಹವೂ ನಮಗೆ ಬೇಡ, ಯಾರ ಜಗಳವೂ ಬೇಡ ಅಂತ ಡಂಗುರ ಹೊಡೆಸಿದನಂತೆ. ಬಾಣಂತನಕ್ಕೆ ಅಂತ ತೌರಿಗೆ ಬಂದಿದ್ದ ಹೆಣ್ಣುಮಕ್ಕಳು ಇಲ್ಲೇ ಉಳಿದರು, ಅವರ ಗಂಡಂದಿರು ಅಲ್ಲೇ ಉಳಿದರು. ಹೀಗೇ ಹನ್ನೆರಡು ವರ್ಷ ಹೋಯ್ತಂತೆ.

ಈ ಹನ್ನೆರಡು ವರ್ಷದಲ್ಲಿ ನೇರಳೆನಾಡಿನವರು ಏನೂ ಮಾಡಲಿಲ್ಲ. ಆದರೆ ಕಾಣದೇ ಇರೋರ ಮೇಲೆ ಏನು ಬೇಕಾದರೂ ಹೇಳಬಹುದಲ್ಲ. ಕೋಳಿ ಕಳೆದರೆ ನೇರಳೆನಾಡಿನವರು, ಬಣವೆಗೆ ಬೆಂಕಿ ಬಿದ್ದರೆ ನೇರಳೆನಾಡಿನವರು, ಮಗು ಅಳು ನಿಲ್ಲಿಸದಿದ್ದರೆ ತಗೋ ನೇರಳೆನಾಡಿನವರು ಬಂದರು ಅನ್ನೋರಂತೆ. ಭೈರನಾಯಕನ ಮಗ ಚಿಕ್ಕನಾಯಕ ಇದನ್ನೇ ಕೇಳ್ಕೊಂಡು ಬೆಳೆದನಂತೆ. ಅಪ್ಪ ತೀರಿಕೊಂಡ ಮೇಲೆ ಪಟ್ಟಕ್ಕೆ ಬಂದ, ಬಂದ ದಿನವೇ ಅವನಿಗೆ ಒಂದೇ ಯೋಚನೆ. ಬಾಗಿಲು ಹಾಕ್ಕೊಂಡು ಒಬ್ಬರೇ ಎಷ್ಟು ದಿನ ಕೂತಿರೋದು, ನಾಳೆ ಅವರು ಬಂದೇಬಂದರೆ ನಮಗೆ ಯಾರು ದಿಕ್ಕು ಅಂತ. ಆಮೇಲೆ ಏಳುಕೋಟೆಯ ಅರಸಿಗೆ, ನೀವು ದೊಡ್ಡವರು, ನಮ್ಮನ್ನ ಕಾಯಬೇಕು ಅಂತ ಓಲೆ ಬರೆದು, ಆ ದಾರಿ ಗೊತ್ತಿದ್ದವನು ಸಿದ್ದಮಲ್ಲ ಒಬ್ಬನೇ ಅಂತ ಅವನನ್ನೇ ಕಳಿಸಿದನಂತೆ.

ಸಿದ್ದಮಲ್ಲ ಮೂರು ದಿನ ನಡೆದು ಏಳುಕೋಟೆಗೆ ಹೋದನಂತೆ. ಅಲ್ಲಿಯ ಅರಸು ಎದ್ದು ನಿಂತು ಓಲೆ ತಗೊಂಡನಂತೆ, ಪಕ್ಕದಲ್ಲೇ ಮಣೆ ಹಾಕಿಸಿ ಕೂರಿಸಿದನಂತೆ. ಆಮೇಲೆ ಮಾತಿಗೆ ಮಾತು ತೆಗೆದು ಮೂರು ಕೇಳಿದನಂತೆ. ನಿಮ್ಮ ಕೋಟೆ ಬಾವಿ ಬೇಸಿಗೇಲಿ ಬತ್ತುತ್ತಾ? ಕಣಜದಲ್ಲಿ ಎಷ್ಟು ತಿಂಗಳ ಕಾಳು ಇರುತ್ತೆ? ಹೆಬ್ಬಾಗಿಲು ಬಿಟ್ಟರೆ ಒಳಗೆ ಬರೋಕೆ ಇನ್ನೊಂದು ದಾರಿ ಇದೆಯಾ? ಸಿದ್ದಮಲ್ಲ ನನಗೆ ಗೊತ್ತಿಲ್ಲ ಬುದ್ಧಿ, ನಾನು ಓಲೆ ಹೊರೋನು ಅಂತ ಜಾರಿಕೊಂಡನಂತೆ. ಊರಿಗೆ ಬಂದವನೇ ಚಿಕ್ಕನಾಯಕನಿಗೆ ಇದ್ದದ್ದು ಇದ್ದ ಹಾಗೆ ಹೇಳಿದ.

ಬುದ್ಧಿ, ನೇರಳೆನಾಡಿನ ಸುದ್ದಿ ಅವರು ಒಂದೂ ಕೇಳಲಿಲ್ಲ. ನಮ್ಮ ಬಾವಿ ಸುದ್ದಿ ಕೇಳಿದರು.

ಚಿಕ್ಕನಾಯಕ ಕೆಂಡವಾದನಂತೆ. ನಮ್ಮಪ್ಪ ಹೇಳಿದ್ದು ಸುಳ್ಳಲ್ಲ, ನಿನಗೆ ಅಕ್ಕನ ಕಡೆಯದೇ ಚಿಂತೆ, ನಮಗೆ ಬಲ ಬರೋದು ನಿನಗೆ ಬೇಕಿಲ್ಲ ಅಂದು, ಓಲೆಕಾರಿಕೆ ಕಿತ್ತುಕೊಂಡು, ಹೋಗು ಅರಮನೆ ಕುರಿ ಕಾಯಿ ಅಂದುಬಿಟ್ಟನಂತೆ. ಸಿದ್ದಮಲ್ಲ ಕೋಲು ಹಿಡಿದು ಹೋದ.

ಆಮೇಲೆ ಏಳುಕೋಟೆಯಿಂದ ಒಬ್ಬ ದಳವಾಯಿ, ಅವನ ಹಿಂದೆ ಐನೂರು ಜನ ಬಂದರಂತೆ. ಜನ ಆರತಿ ಎತ್ತಿ ಬರಮಾಡಿಕೊಂಡರಂತೆ, ಇನ್ನು ನೆಮ್ಮದಿಯಾಗಿ ಮಲಗಬಹುದು ಅಂತ. ಮೊದಲನೇ ವರ್ಷ ಅವರು ಹೊಳೆ ದಡದಲ್ಲಿ ಬಿಡಾರ ಹಾಕಿ ಕಾವಲು ಕಾದರು. ಎರಡನೇ ವರ್ಷ ಮಳೆ ಜಾಸ್ತಿ ಅಂತ ಕೋಟೆ ಒಳಗೆ ಬಂದರು. ಮೂರನೇ ವರ್ಷ ಹೆಬ್ಬಾಗಿಲ ಬೀಗದ ಕೈ ದಳವಾಯಿ ಸೊಂಟಕ್ಕೆ ಹೋಯ್ತು. ಆಮೇಲೆ ಚಿಕ್ಕನಾಯಕ ಬೇಟೆಗೆ ಹೋಗಬೇಕಂದರೂ, ಬಾಗಿಲು ತೆಗೆಸ್ತೀಯಾ ದಳವಾಯಿ ಅಂತ ಕೇಳಬೇಕಾಗಿತ್ತಂತೆ. ಒಂದು ದಿನ ಕೇಳಿದಾಗ ದಳವಾಯಿ ಊಟಕ್ಕೆ ಕೂತಿದ್ದನಂತೆ, ಇರಿ ಬರ್ತೀನಿ ಅಂದನಂತೆ. ಅರಸು ಕುದುರೆ ಮೇಲೆ ಬಾಗಿಲ ಹತ್ತಿರ ಕಾಯ್ತಾ ನಿಂತಿದ್ದನ್ನ ಊರೆಲ್ಲ ನೋಡಿತು. ಆ ಕೊರಗಲ್ಲೇ ಅವನು ಸವೆದು ಸವೆದು, ಕೊನೆಗೆ ತೀರಿಕೊಂಡನಂತೆ.

ಅವನಿಗೆ ಗಂಡು ಮಕ್ಕಳಿರಲಿಲ್ಲ, ಮಾಚಲೆ ಅಂತ ಒಬ್ಬಳೇ ಮಗಳು, ಹದಿನಾರು ವರ್ಷದವಳು. ಹುಡುಗಿ ಅಲ್ವಾ, ಹೇಳಿದ ಹಾಗೆ ಕೇಳ್ತಾಳೆ ಅಂತ ದಳವಾಯೀನೇ ಮುಂದೆ ನಿಂತು ಪಟ್ಟ ಕಟ್ಟಿಸಿದನಂತೆ. ಮಾಚಲೆ ಹೇಳಿದ್ದಕ್ಕೆಲ್ಲ ಹೂಂ ಅಂದಳಂತೆ. ಆದರೆ ಅವಳು ಯಾರನ್ನೂ ನಂಬ್ತಿರಲಿಲ್ಲ ಕುಸುಮಿ. ಏಳುಕೋಟೆಯವರನ್ನ ನಂಬ್ತಿರಲಿಲ್ಲ, ನೇರಳೆನಾಡಿನವರನ್ನ ನಂಬ್ತಿರಲಿಲ್ಲ, ತನ್ನ ಅಡುಗೆಯವನನ್ನೂ ನಂಬ್ತಿರಲಿಲ್ಲ. ಮನೇಲಿ ಬೀಗದ ಕೈ ಇನ್ನೊಬ್ಬರ ಸೊಂಟದಲ್ಲಿದ್ರೆ ಇನ್ನೇನು ಆಗುತ್ತೆ?

ಹೀಗಿರುವಾಗ ಸುಗ್ಗಿ ಹತ್ತಿರ ಬಂದಾಗ ಏಳುಕೋಟೆಯಿಂದ ಅವಳಿಗೆ ಒಂದು ಗುಟ್ಟಿನ ಓಲೆ ಬಂತಂತೆ. ಸುಗ್ಗಿ ಮುಗಿದ ಮೇಲೆ ನಮ್ಮ ದಂಡು ನೇರಳೆನಾಡಿನ ಮೇಲೆ ಬೀಳುತ್ತೆ, ನೀನು ಹರಿಗೋಲು ಕಟ್ಟಿಸಿ ಕೊಡು, ಗೆದ್ದ ನೆಲದಲ್ಲಿ ಅರ್ಧ ನಿನ್ನದು ಅಂತ. ಮಾಚಲೆ ಓದಿ ಮಡಿಚಿ ಇಟ್ಟುಕೊಂಡಳು. ಐನೂರು ಜನ ಇರೋನು, ಬೇಕಾದರೆ ಎಲ್ಲಾ ತಗೊಳ್ಳೋನು, ಅರ್ಧ ನನಗೆ ಯಾಕೆ ಕೊಡ್ತಾನೆ? ನೇರಳೆನಾಡು ಮುಗಿದ ಮಾರನೇ ದಿನ ಇವನು ಯಾರ ಕಡೆ ತಿರುಗ್ತಾನೆ? ಎರಡು ದಿನ ಅನ್ನ ಸೇರಲಿಲ್ಲವಂತೆ. ಮೂರನೇ ದಿನ ಕುರಿ ಲೆಕ್ಕ ನೋಡ್ತೀನಿ ಅಂತ ನೆಪ ಹೇಳಿ ಹಟ್ಟಿ ಹತ್ತಿರ ಹೋಗಿ ಸಿದ್ದಮಲ್ಲನನ್ನ ಕರೆದಳಂತೆ. ಅವನ ಗಡ್ಡ ಬೆಳ್ಳಗಾಗಿತ್ತು ಅಷ್ಟೊತ್ತಿಗೆ.

ಈ ಓಲೇನ ನೇರಳೆನಾಡಿನ ಅರಸಿಗೆ ತೋರಿಸಬೇಕು ಅಂತಿದ್ದೀನಿ ಅಂದಳು.

ಸಿದ್ದಮಲ್ಲ ಗಾಬರಿಯಾದನಂತೆ. ತಾಯಿ, ಅವರು ಇದನ್ನ ತಗೊಂಡು ಹೋಗಿ ಏಳುಕೋಟೆಯವರ ಕೈಲೇ ಕೊಟ್ಟರೆ?

ಕೊಟ್ಟರೆ ನನ್ನ ತಲೆ ಹೋಗುತ್ತೆ. ಕೊಡಲ್ಲ ಅಂತ ನಂಬಿಕೆ ಏನೂ ಇಲ್ಲ. ನಿನ್ನ ಮೇಲೂ ನಂಬಿಕೆ ಇಲ್ಲ. ಆದರೆ ಸುಮ್ಮನೆ ಕೂತರೂ ನನ್ನ ತಲೆ ಹೋಗುತ್ತೆ, ನಮ್ಮ ಹದಿನೆಂಟು ಹಳ್ಳಿ ಹೋಗುತ್ತೆ.

ನನ್ನನ್ನ ನಂಬೋದು ಬೇಡ ತಾಯಿ, ನಾನು ಬರೀ ಹೊರ್ತೀನಿ ಅಂದನಂತೆ ಸಿದ್ದಮಲ್ಲ.

ಕುರಿ ಹೊಡಕೊಂಡು ಹೋಗೋ ಮುದುಕನನ್ನ ಹೆಬ್ಬಾಗಿಲಲ್ಲಿ ಯಾರು ತಡೀತಾರೆ? ಓಲೇನ ಮೇಣಬಟ್ಟೇಲಿ ಸುತ್ತಿ ರುಮಾಲಿನ ಮಡಿಕೇಲಿ ಇಟ್ಟುಕೊಂಡು ಹೊಳೆಗೆ ಬಂದನಂತೆ. ಹರಿಗೋಲಿಲ್ಲವಲ್ಲ, ಒಣಗಿದ ಸೋರೆಬುರುಡೆ ಎರಡು ಸೊಂಟಕ್ಕೆ ಕಟ್ಟಿಕೊಂಡು ಹಾಡುಹಗಲಲ್ಲೇ ನೀರಿಗಿಳಿದ. ನಡುನೀರಲ್ಲಿ ಆ ಕಡೆ ಈ ಕಡೆ ನೋಡ್ತಾನೆ, ಹುಲ್ಲುಗಡ್ಡೆ ಎಲ್ಲೂ ಇಲ್ಲವಂತೆ. ಯಾವ ವರ್ಷವೋ ಹೊಳೇನೇ ಅದನ್ನ ತಿಂದು ಹಾಕಿತ್ತು. ಅದು ಹೋಗಿದ್ದನ್ನ ಎರಡೂ ಊರಿನಲ್ಲಿ ಯಾರೂ ಗಮನಿಸಿರಲೇ ಇಲ್ಲ.

ಆಚೆ ದಡ ಮುಟ್ಟುತ್ತಲೇ ಭರ್ಜಿ ಹಿಡಿದ ನಾಲ್ಕು ಜನ ಅವನನ್ನ ಸುತ್ತುಗಟ್ಟಿದರಂತೆ. ಇಪ್ಪತ್ತನಾಲ್ಕು ವರ್ಷದಲ್ಲಿ ಆ ಕಡೆಯಿಂದ ಒಬ್ಬನೂ ಬಂದಿರಲಿಲ್ಲ, ಇವನು ಕಳ್ಳನೋ ಗೂಢಚಾರನೋ ಅಂತ ಕೈ ಕಟ್ಟಿದರಂತೆ. ನಮ್ಮಕ್ಕ ಇಲ್ಲಿ ಅಂಬಿಗರ ಮನೇಲಿದ್ದಾಳೆ ಅಂದ. ಯಾರೋ ಓಡಿಹೋಗಿ ದೇವೀರೀನ ಕರಕೊಂಡು ಬಂದರಂತೆ. ಅವಳೂ ಮುದುಕಿಯಾಗಿದ್ದಳು. ದೂರದಲ್ಲೇ ನಿಂತು ಅವನನ್ನ ಮೇಲಿಂದ ಕೆಳಗೆ ನೋಡಿದಳಂತೆ. ಅಳಲಿಲ್ಲ, ಹತ್ತಿರಕ್ಕೂ ಬರಲಿಲ್ಲ.

ನಮ್ಮ ತಮ್ಮನಿಗೆ ಎಡಗಿವಿ ಹಿಂದೆ ಒಂದು ಸುಟ್ಟ ಗಾಯ ಇತ್ತು, ತಿರುಗಿಸಿ ನೋಡಿ ಅಂದಳಂತೆ ಕಾವಲಿನವರಿಗೆ. ಅವರು ರುಮಾಲು ಸರಿಸಿ ನೋಡಿ, ಇದೆ ಅಮ್ಮ ಅಂದರು. ಆಗ ಅವಳು ಹತ್ತಿರ ಬಂದು ಅವನ ಕೈ ಕಟ್ಟು ತಾನೇ ಬಿಚ್ಚಿದಳಂತೆ.

ಮನೆಗೆ ಕರಕೊಂಡು ಹೋಗಿ ಬಿಸಿ ಮುದ್ದೆ, ಮೀನಿನ ಸಾರು ಬಡಿಸಿದಳಂತೆ. ಸಿದ್ದಮಲ್ಲ ತಟ್ಟೆ ಮುಂದೆ ಕೂತ, ಕೈ ಮಾತ್ರ ಮುಂದಕ್ಕೆ ಹೋಗಲಿಲ್ಲವಂತೆ. ಇವರು ಏನಾದರೂ ಹಾಕಿಸಿದ್ದರೆ? ರುಮಾಲಲ್ಲಿ ಹದಿನೆಂಟು ಹಳ್ಳಿಯ ಜೀವ ಇದೆ. ಅಕ್ಕ ಅವನ ಮುಖ ನೋಡಿದಳಂತೆ. ನೋಡಿ, ಅವನ ತಟ್ಟೆಯಿಂದಲೇ ಒಂದು ತುತ್ತು ಮುರಿದು ಸಾರಲ್ಲಿ ಅದ್ದಿ ತಾನು ನುಂಗಿದಳಂತೆ.

ಈಗ ಉಣ್ಣು ಅಂದಳು.

ಸಿದ್ದಮಲ್ಲ ತಲೆ ಎತ್ತದೆ ಉಂಡನಂತೆ. ಅವನ ಜೀವಮಾನದಲ್ಲಿ ಅಷ್ಟು ನಾಚಿಕೆಯಾಗಿದ್ದು ಅದೊಂದೇ ಸಲವಂತೆ.

ನಿದ್ದೆ ಬಂತಾ? ಇಲ್ಲ? ಸರಿ.

ಆಮೇಲೆ ಅವನನ್ನ ಕಲಿಯರಸನ ಮುಂದೆ ನಿಲ್ಲಿಸಿದರಂತೆ. ಅವತ್ತಿನ ಮೀಸೆ ಬಲಿಯದ ಹುಡುಗ ಈಗ ನಡುವಯಸ್ಸಿನವನು. ಓಲೆ ತಗೊಂಡು ತಾನೇ ಓದಿಕೊಂಡನಂತೆ. ಮುಖದಲ್ಲಿ ಏನೂ ಗೊತ್ತಾಗಲಿಲ್ಲ. ಓದಿ ಮುಗಿಸಿದವನು ಎದ್ದು ಒಳಗೆ ಹೋದನಂತೆ. ಕಾವಲಿನವರು ಸಿದ್ದಮಲ್ಲನ ಹತ್ತಿರಕ್ಕೆ ಬಂದು ನಿಂತರು. ಮುಗೀತು, ಇವರೂ ಏಳುಕೋಟೆಯವರೂ ಒಂದೇ, ಆ ಹುಡುಗಿಯ ತಲೇನ ನಾನೇ ತಂದು ಕೊಟ್ಟ ಹಾಗಾಯ್ತು ಅಂದುಕೊಂಡನಂತೆ ಸಿದ್ದಮಲ್ಲ. ಅಷ್ಟರಲ್ಲಿ ಕಲಿಯರಸ ಹೊರಗೆ ಬಂದ. ಕೈಯಲ್ಲಿ ಎರಡು ಓಲೆ ಇದ್ದವಂತೆ.

ಒಂದು ಮಾಚಲೆ ಕಳಿಸಿದ್ದು. ಇನ್ನೊಂದೂ ಏಳುಕೋಟೆಯದೇ. ಅದೇ ಮುದ್ರೆ, ಅದೇ ಕೈಬರಹ. ಸುಗ್ಗಿ ಮುಗಿದ ಮೇಲೆ ನಮ್ಮ ದಂಡು ಬಿದಿರಗಡವನ್ನ ನುಂಗುತ್ತೆ, ನೀನು ಹೊಳೆ ಕಡೆಯಿಂದ ಬಾ, ಅರ್ಧ ನಿನ್ನದು. ಹೆಸರು ಬಿಟ್ಟರೆ ಎಲ್ಲಾ ಒಂದೇ ಮಾತು.

ಹನ್ನೆರಡು ದಿನ ಆಯ್ತು ಇದು ಬಂದು ಅಂದನಂತೆ ಕಲಿಯರಸ. ದಿನಾ ತೆಗೆದು ನೋಡ್ತೀನಿ, ಇಡ್ತೀನಿ. ನಿಮ್ಮವರಿಗೆ ತೋರಿಸಿದರೆ ನೀವು ಅವರಿಗೆ ಹೇಳಿಬಿಟ್ಟರೆ ಅಂತ. ನನಗೆ ಧೈರ್ಯ ಬರಲಿಲ್ಲ. ಆ ಹುಡುಗಿಗೆ ಬಂತು.

ಆಮೇಲೆ ಮಾಚಲೆ, ಕಲಿಯರಸ ಇಬ್ಬರೂ ಓಲೆಯಲ್ಲೇ ಮಾತಾಡಿಕೊಂಡು ಒಂದು ಉಪಾಯ ಮಾಡಿದರಂತೆ. ಸಿದ್ದಮಲ್ಲ ಮೂರು ಸಲ ಹೊಳೆ ಈಜಿದನಂತೆ, ಹೋಗಿ ಬಂದು. ಕಲಿಯರಸನಿಗೆ ಬಂದಿದ್ದ ಓಲೇನೂ ಹಾಗೇ ಮಾಚಲೆಯ ಕೈ ಸೇರಿತಂತೆ.

ಸುಗ್ಗಿ ಮುಗೀತು. ಮಾಚಲೆ ದಳವಾಯೀನ ಕರೆದು, ಹರಿಗೋಲು ಸಿದ್ಧವಾಗಿವೆ, ಹೊಳೆ ದಡದ ಬಿದಿರ ಮೆಳೇಲಿ ಮುಚ್ಚಿಟ್ಟಿದ್ದೀವಿ, ನಿಮ್ಮ ಜನಾನೆಲ್ಲ ಕರಕೊಂಡು ಹೋಗಿ, ಒಬ್ಬರೂ ಕಡಿಮೆಯಾಗಬಾರದು, ಅವರು ಬಲವಾಗಿದ್ದಾರೆ ಅಂದಳಂತೆ. ದಳವಾಯಿ ಮೀಸೆ ತಿರುವಿ ಐನೂರು ಜನಾನೂ ಹೊರಡಿಸಿದ. ಕೊನೆಯ ಸಿಪಾಯಿ ಬಾಗಿಲು ದಾಟಿದ್ದೇ ತಡ, ಒಳಗಿದ್ದ ಹೆಂಗಸರು ನೂರು ಜನ ಸೇರಿ ಅಗುಳಿ ಎತ್ತಿ ಜಡಿದರಂತೆ. ಬೀಗದ ಕೈ ದಳವಾಯಿ ಸೊಂಟದಲ್ಲೇ ಇತ್ತು. ಒಳಗಿಂದ ಅಗುಳಿ ಹಾಕೋಕೆ ಬೀಗದ ಕೈ ಯಾಕೆ ಬೇಕು?

ದಳವಾಯಿ ಹೊಳೆ ದಡಕ್ಕೆ ಹೋಗಿ ಮೆಳೇಲಿ ಹುಡುಕಿದರೆ ಹರಿಗೋಲೂ ಇಲ್ಲ, ಏನೂ ಇಲ್ಲ. ತಲೆ ಎತ್ತಿದರೆ ಆಚೆ ದಡದ ಉದ್ದಕ್ಕೂ ನೇರಳೆನಾಡಿನವರು ಕವಣೆ ಹಿಡಿದು ನಿಂತಿದ್ದಾರೆ. ತಿರುಗಿದರೆ ಕೋಟೆ ಗೋಡೆ ಮೇಲೆ, ಸುಗ್ಗಿ ಕಾಳು ತುಂಬೋಕೆ ಅಂತ ಮೊದಲೇ ಒಳಗೆ ಬಂದಿದ್ದ ಹದಿನೆಂಟು ಹಳ್ಳಿಯ ಜನ. ಕಾಳು ಒಳಗೆ, ಬಾವಿ ಒಳಗೆ, ಇವರು ಹೊರಗೆ. ದಳವಾಯಿ ಬಾಗಿಲ ಹತ್ತಿರ ಬಂದು ಕೂಗಿದನಂತೆ, ಏನಮ್ಮಾ ಇದು ದ್ರೋಹ ಅಂತ. ಮಾಚಲೆ ಗೋಡೆ ಮೇಲಿಂದ ಎರಡೂ ಓಲೆ ಎತ್ತಿ ತೋರಿಸಿದಳಂತೆ.

ದಳವಾಯಿಗಳೇ, ಎರಡಕ್ಕೂ ನಿಮ್ಮ ಅರಸರ ಮುದ್ರೆ ಇದೆ. ಒಂದರಲ್ಲಿ ಅವರನ್ನ ನುಂಗ್ತೀನಿ ಅಂತಾರೆ, ಒಂದರಲ್ಲಿ ನಮ್ಮನ್ನ. ಯಾವುದು ನಿಜ ಅಂತ ನಮಗೆ ಗೊತ್ತಾಗ್ತಿಲ್ಲ. ನೀವೇ ಹೋಗಿ ಕೇಳಿಕೊಂಡು ಬನ್ನಿ. ದಾರಿಗೆ ಬುತ್ತಿ ಇಳಿಸ್ತೀವಿ.

ಬುಟ್ಟಿ ಬುಟ್ಟಿ ರೊಟ್ಟಿ, ಚಟ್ನಿಪುಡಿ ಹಗ್ಗದಲ್ಲಿ ಇಳಿಸಿದರಂತೆ. ದಳವಾಯಿ ಮೊದಲು ಅದನ್ನ ಕುದುರೆಗೆ ತಿನ್ನಿಸಿ ನೋಡಿದನಂತೆ! ಕುದುರೆಗೆ ಏನೂ ಆಗಲಿಲ್ಲ. ಆಮೇಲೆ ತಿಂದುಕೊಂಡು ಮೂಡಲ ದಾರಿ ಹಿಡಿದರು. ಎರಡು ಸಣ್ಣವರು ಒಂದಾಗಿದ್ದಾರೆ ಅಂತ ಗೊತ್ತಾದ ಮೇಲೆ ಏಳುಕೋಟೆಯ ಅರಸು, ಯಾವುದೋ ಅವಿವೇಕಿ ಕರಣಿಕ ಬರೆದದ್ದು ಅದು, ನಾನಲ್ಲ ಅಂತ ಹೇಳಿಕಳಿಸಿ ಸುಮ್ಮನಾದನಂತೆ.

ಆದರೆ ಅವತ್ತು, ಐನೂರು ಜನ ಕಣ್ಮರೆಯಾದ ಮೇಲೆ, ಮಾಚಲೆಗೆ ಇನ್ನೊಂದು ಭಯ ಶುರುವಾಯ್ತಂತೆ. ಈಗ ನನ್ನ ಕೋಟೇಲಿ ದಂಡಿಲ್ಲ. ಆಚೆ ದಡದಲ್ಲಿ ಅವರ ಜನ ಹಾಗೇ ನಿಂತಿದ್ದಾರೆ. ಈಗ ಅವರೇ ದಾಟಿ ಬಂದರೆ? ನೋಡ್ತಾಳೆ, ಆಚೆಯಿಂದ ಒಂದು ಹರಿಗೋಲು ಹೊರಟಿದೆ. ಜನರೆಲ್ಲ ಕಲ್ಲು ಎತ್ತಿಕೊಂಡರು. ಹರಿಗೋಲಲ್ಲಿ ಕಲಿಯರಸ ಒಬ್ಬನೇ, ಹುಟ್ಟು ಹಾಕೋನು ಸಿದ್ದಮಲ್ಲ. ಮಾಚಲೆ ಬಾಗಿಲು ತೆಗೆಸಿ ದಡಕ್ಕೆ ಬಂದಳಂತೆ.

ನಿಜ ಹೇಳ್ತೀನಮ್ಮಾ, ನಾಳೆ ನೀವು ಮನಸ್ಸು ಬದಲಾಯಿಸಿ ಅವರನ್ನ ಮತ್ತೆ ಕರೆಸ್ತೀರಿ ಅಂತ ನನಗೆ ಭಯ ಅಂದನಂತೆ ಕಲಿಯರಸ.

ನೀವು ಇವತ್ತೇ ದಾಟಿ ಬರ್ತೀರಿ ಅಂತ ನನಗೆ ಭಯ ಇತ್ತು ದೊಡ್ಡಪ್ಪ, ಇನ್ನೂ ಇದೆ ಅಂದಳಂತೆ ಮಾಚಲೆ.

ಇಬ್ಬರೂ ಮರಳ ಮೇಲೆ ಕೂತರಂತೆ. ಕೂತು ಏನು ಮಾತಾಡಿಕೊಂಡರು ಅಂದ್ರೆ, ನಿಮ್ಮ ಕಡೆಯ ಒಬ್ಬರು ನಮ್ಮೂರಲ್ಲಿರಲಿ, ನಮ್ಮ ಕಡೆಯ ಒಬ್ಬರು ನಿಮ್ಮೂರಲ್ಲಿರಲಿ. ಅನುಮಾನ ಬಂದರೆ ಬೇರೆಯವರ ಬಾಯಿಂದ ಕೇಳೋದು ಬೇಡ, ನಮ್ಮವರೇ ಕಣ್ಣಾರೆ ನೋಡಿ ಹೇಳಲಿ ಅಂತ. ಸಿದ್ದಮಲ್ಲ ಆಚೆ ದಡದಲ್ಲಿ ಅಕ್ಕನ ಮನೆ ಪಕ್ಕದಲ್ಲೇ ಗುಡಿಸಲು ಹಾಕಿಕೊಂಡ. ಆ ಕಡೆಯಿಂದ ಬಿದಿರಗಡಕ್ಕೆ ಈರಯ್ಯ ಅಂತ ಒಬ್ಬ ಸಿಡುಕು ಮುದುಕ ಬಂದನಂತೆ.

ಈರಯ್ಯ ದಿನಾ ಬೆಳಗ್ಗೆ ಎದ್ದು ಬಿದಿರಗಡದ ಲಾಯಕ್ಕೆ ಹೋಗಿ ಕುದುರೆ ಎಣಿಸೋನಂತೆ. ಕುದುರೆ ಜಾಸ್ತಿಯಾದರೆ ದಂಡು ಕಟ್ತಿದ್ದಾರೆ ಅಂತಲ್ವಾ? ಎಣಿಸಿ, ಹತ್ತೊಂಬತ್ತು ಅಂತ ಬರೆದು ಹರಿಗೋಲಲ್ಲಿ ಕಳಿಸೋನು. ಹೀಗೇ ಎಷ್ಟೋ ವರ್ಷ ನಡೀತಂತೆ. ಹೊಳೇಲಿ ಮತ್ತೆ ಹೆಣ್ಣು ಕೊಡೋರು ತರೋರು ಓಡಾಡಿದರು. ಜನ ನಗೋರಂತೆ, ಬೀಗರಾಗಿದ್ದೀವಿ, ಇನ್ನೂ ಯಾಕಯ್ಯಾ ಎಣಿಸ್ತೀಯಾ ಅಂತ. ಈರಯ್ಯ ಮಾತ್ರ ಎಣಿಸೋದು ಬಿಡಲಿಲ್ಲ.

ಒಂದು ದಿನ ಈರಯ್ಯನಿಗೆ ಜ್ವರ ಬಂದು ಏಳೋಕಾಗಲಿಲ್ಲವಂತೆ. ಓಲೆ ಹೋಗದಿದ್ದರೆ ಆಚೆಯವರು ಏನಂದುಕೊಳ್ತಾರೋ ಅಂತ ಒದ್ದಾಡ್ತಿದ್ದನಂತೆ. ಆಗ ಮಾಚಲೆ ತಾನೇ ಲಾಯಕ್ಕೆ ಹೋದಳಂತೆ. ಅವತ್ತು ಬೆಳಗ್ಗೆ ತಾನೇ ಒಂದು ಹೆಣ್ಣುಕುದುರೆ ಮರಿ ಹಾಕಿತ್ತಂತೆ. ಬಿಟ್ಟು ಬರೆದಿದ್ದರೂ ಯಾರಿಗೂ ಗೊತ್ತಾಗ್ತಿರಲಿಲ್ಲ. ಅವಳು ಮರೀನೂ ಸೇರಿಸಿ ಎಣಿಸಿ, ಇಪ್ಪತ್ತು, ಒಂದಕ್ಕೆ ಇನ್ನೂ ನಿಲ್ಲೋಕೆ ಬರಲ್ಲ, ಈರಯ್ಯನಿಗೆ ಜ್ವರ, ಅದಕ್ಕೆ ನಾನು ಬರೆದೆ ಅಂತ ಬರೆದು ಕಳಿಸಿದಳಂತೆ.

ಆಚೆ ಮಂತ್ರಿಗಳು ಓಲೆ ನೋಡಿ, ಕುದುರೆ ಜಾಸ್ತಿಯಾಗಿದೆ, ಬರೆದಿರೋದೂ ಅವರೇ, ಸಿದ್ದಮಲ್ಲನನ್ನ ಕರೆದು ಕೇಳೋಣವಾ, ಇನ್ನೊಬ್ಬರನ್ನ ಕಳಿಸಿ ಎಣಿಸೋಣವಾ ಅಂದರಂತೆ. ಕಲಿಯರಸನಿಗೂ ಆಗ ತಲೆ ನರೆತಿತ್ತು. ಓಲೇನ ಕಣ್ಣ ಹತ್ತಿರ ಹಿಡಿದು ಓದಿದನಂತೆ.

ಈರಯ್ಯನಿಗೆ ಕಷಾಯ ಕಳಿಸಿ ಅಂದನಂತೆ. ಕುದುರೆ ಮಾತು ಎತ್ತಲಿಲ್ಲವಂತೆ.

ಅವರು ಅಲ್ಲಿ ಸುಖವಾಗಿದ್ದರು, ನಾವು ಇಲ್ಲಿ ಬೆಚ್ಚಗಿದ್ದೀವಿ. ನನ್ನ ಕತೆ ಇಲ್ಲಿಗೆ ಸರಿಹೋಯ್ತು, ಇನ್ನು ನಿನ್ನ ನಿದ್ದೆ ಶುರುವಾಗಲಿ. ಕುಸುಮೀ... ಮಲಗೇಬಿಟ್ಟಳು.